ರಬ್ಬರಿನ ಎರೆ

ಕ್ಯಾತಗಾನಚೆರ್ಲಿನ ಕಡೆ ಕೆರೆಗೆ ನೀರು ಬಂದರೆ ಅದೇ ಹಬ್ಬ. ಅಂಥದೊಂದು ವರ್ಷ ತಂಗಿಯ ಮಗ ಬೆಂಗಳೂರಿನಿಂದ ಗಾಳ ಹಿಡಿದು ಬಂದ. ಡಬ್ಬಿಯ ತುಂಬ ರಬ್ಬರಿನಂತೆ ಮೆತ್ತಗಿನ ಪ್ಲಾಸ್ಟಿಕ್ ಹುಳುಗಳು.

"ನೋಡಿ ದೊಡ್ಡಮ್ಮ, ಮುಂದೆ ಸೀಸದ ಗುಂಡು, ಆಳಕ್ಕೆ ಇಳಿಯುತ್ತೆ. ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೇ ಹುದುಗಿರಬೇಕು. ಜೊಂಡಿಗೆ ಸಿಕ್ಕಿಕೊಳ್ಳಲ್ಲ. ಮೀನು ಕಚ್ಚಿದಾಗ ಮೊನೆ ಹೊರಗೆ ಬರುತ್ತೆ. ತಿಳಿನೀರಿಗೆ ತೆಳುಬಣ್ಣ, ಕದಡಿದ ನೀರಿಗೆ ಕಪ್ಪು" ಎಂದ. 1949ರಲ್ಲಿ ಅಮೆರಿಕದ ಓಹಾಯೊದಲ್ಲಿ ನಿಕ್ ಕ್ರೀಮ್ ಎಂಬಾತ ಇಂಥ ಹುಳುವನ್ನು ಎರಕ ಹೊಯ್ದನಂತೆ. "ಎರೆಹುಳು ಸಾಯಿಸೋ ಪಾಪ ಇಲ್ಲ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿಯೊಬ್ಬಳನ್ನು ಕರೆತರಲು ನಾನೊಮ್ಮೆ "ನಿನಗೆ ವಿದ್ಯಾರ್ಥಿವೇತನ ಬಂದಿದೆ" ಎಂದು ಸುಳ್ಳು ಹೇಳಿದ್ದೆ. ಅವಳ ಒಳ್ಳೆಯದಕ್ಕೇ. ಬಂದಳು, ಎರಡು ತಿಂಗಳು ಕಾದಳು. ನಿಜ ತಿಳಿದ ದಿನ ಒಂದು ಮಾತೂ ಆಡದೆ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಹೋದಳು.

ಎರೆ ಎಂದರೆ ಹುಳುವೂ ಹೌದು, ಗಾಳಕ್ಕೆ ಸಿಕ್ಕಿಸುವ ಆಹಾರವೂ ಹೌದು. ಎರೆಹುಳುವಿನ ಗಾಳವೂ ಮೋಸವೇ. ಆದರೂ ಕೊಕ್ಕೆ ತಪ್ಪಿಸಿಕೊಂಡ ಮೀನಿಗೆ ಒಂದು ತುತ್ತಾದರೂ ದಕ್ಕುತ್ತದೆ. ರಬ್ಬರಿನದರಲ್ಲಿ ಏನಿದೆ? ಉದ್ದೇಶ ಒಳ್ಳೆಯದಿದ್ದರೆ ಸುಳ್ಳಿಗೆ ದೋಷವಿಲ್ಲವೆಂದು ನಂಬಿದ್ದೆ. ಮಗುವನ್ನು ಕರೆಯುವಾಗ ಕೈಯಲ್ಲಿ ಏನಾದರೂ ಇರಬೇಕು ಎಂದು ಈಗ ಅನ್ನಿಸುತ್ತದೆ. ಪುಸ್ತಕದ ಹಣವನ್ನು ನಾನೇ ಕೊಡಬಹುದಿತ್ತು. ಅಂದು ಅದು ಹೊಳೆಯಲಿಲ್ಲವೇ, ಇಲ್ಲ, ಸುಳ್ಳೇ ಅಗ್ಗವೆನಿಸಿತೇ?