ಎಡೆಯಲ್ಲಿ ಕೇಕು

ತುಮಕೂರಿನ ಕಡೆ ಚಕ್ಕೆ ಲವಂಗದ ವಾಸನೆ ಬೀದಿಗೆ ಬಂದರೆ ಯಾರೂ ಕೇಕು ಬೇಯುತ್ತಿದೆ ಎಂದುಕೊಳ್ಳುವುದಿಲ್ಲ. ಬಾಡಿನ ಸಾರು ಎಂದೇ ಲೆಕ್ಕ. ಭಾದ್ರಪದದ ಕೊನೆಯಲ್ಲಾದರೆ ಇನ್ನೂ ಖಚಿತ: ಆ ಮನೆಯಲ್ಲಿ ಹಿರಿಯರ ಹಬ್ಬ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಮಾಂಸ ತಿನ್ನದ ಮನೆಗಳಲ್ಲಿ ಅದೇ ಚಕ್ಕೆ ಲವಂಗ ಪಲಾವಿಗೋ ಬಿಸಿಬೇಳೆ ಬಾತಿಗೋ ಹೋಗುತ್ತದೆ. ಸಿಹಿಯೆಂದರೆ ನಮಗೆ ಏಲಕ್ಕಿ. ಒಬ್ಬಟ್ಟು, ಕಜ್ಜಾಯ, ಕಡುಬು ಯಾವುದರ ಹತ್ತಿರವೂ ಚಕ್ಕೆ ಸುಳಿಯುವಂತಿಲ್ಲ. ಹೀಗಾಗಿ ತುಮಕೂರಿನ ಸದಾಶಿವನಗರದ ನಮ್ಮ ಅಡುಗೆಮನೆಯಲ್ಲಿ ಸಿಹಿಗುಂಬಳದ ಕೇಕಿಗೆ ಚಕ್ಕೆಪುಡಿ ಬೀಳುವುದು ಅಷ್ಟು ಸಣ್ಣ ಸಂಗತಿಯೇನಲ್ಲ.

ನನಗೆ ಈ ಕೇಕಿನ ಗೀಳು ಹಿಡಿಸಿದ್ದು ಫೋನು. ಸೆಪ್ಟೆಂಬರ್ ಬಂತೆಂದರೆ ಅದರ ತುಂಬ ಕೆಂಪು ಎಲೆ, ಉಣ್ಣೆಯ ಶಾಲು, ಕುಂಬಳದ ಕೇಕು. ಅಮೆರಿಕದವರು ಪಂಪ್ಕಿನ್ ಸ್ಪೈಸ್ ಎನ್ನುವ ಪುಡಿಯಲ್ಲಿ ಇರುವುದು ಚಕ್ಕೆ, ಶುಂಠಿ, ಲವಂಗ, ಜಾಯಿಕಾಯಿ. ಕುಂಬಳದ ಪೈಗೆ ಹಾಕುವ ಪುಡಿ ಅದು, ಅದರಲ್ಲಿ ಕುಂಬಳವಿಲ್ಲ. 2003ರಲ್ಲಿ ಸ್ಟಾರ್‌ಬಕ್ಸ್‌ನವರು ಅದನ್ನು ಕಾಫಿಗೂ ಸೇರಿಸಿದರು. ಅಲ್ಲಿಂದಾಚೆ ಒಂದು ಋತುವನ್ನೇ ಆ ಪುಡಿಯ ಹೆಸರಿಗೆ ಬರೆದುಕೊಟ್ಟಿದ್ದಾರೆ. ನಮ್ಮಲ್ಲಿ ಮರಗಳು ಎಲೆ ಉದುರಿಸುವುದು ಶಿವರಾತ್ರಿಯ ಹಿಂದುಮುಂದು. ಶರದೃತುವಿನಲ್ಲಿ, ಹಸ್ತ ಚಿತ್ತೆ ಮಳೆಗಳು ಕೈಕೊಡದಿದ್ದರೆ, ಕುಣಿಗಲ್ ದಾರಿಯ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ, ಗುಬ್ಬಿ ಕಡೆಯ ತೆಂಗಿನ ತೋಟಗಳ ಬದುವಿನಲ್ಲಿ ಮೊಣಕಾಲೆತ್ತರ ಹುಲ್ಲು. ಚಳಿ ಇನ್ನೂ ದೂರ. ಚಳಿಯಿಲ್ಲದ ಊರಿನಲ್ಲಿ ಬೆಚ್ಚಗಿನ ಕೇಕು ಯಾರಿಗೆ ಬೇಕು?

ಹುಡುಕುತ್ತ ಹೋದರೆ, ಆ ಕಡೆಯವರ ಮಸಾಲೆಗೂ ಚಳಿಯೊಂದೇ ಕಾರಣವಲ್ಲ. ನವೆಂಬರ್ 2 ಕ್ರೈಸ್ತರಿಗೆ ಸತ್ತವರ ಆತ್ಮಗಳ ದಿನ. ಇಂಗ್ಲೆಂಡಿನಲ್ಲಿ ಹಿಂದೆ ಆ ಹೊತ್ತಿಗೆ ಚಕ್ಕೆ, ಜಾಯಿಕಾಯಿ ಹಾಕಿದ ದುಂಡನೆಯ ಚಿಕ್ಕ ಕೇಕುಗಳನ್ನು ಬೇಯಿಸುತ್ತಿದ್ದರು. ಬಡವರು, ಮಕ್ಕಳು ಬಾಗಿಲಿಗೆ ಬಂದು ಹಾಡಿ ಅದನ್ನು ಇಸಕೊಂಡು, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದರು. ಮೆಕ್ಸಿಕೋದಲ್ಲಿ ಇವತ್ತಿಗೂ ಅದೇ ದಿನಗಳಲ್ಲಿ ಸತ್ತವರ ಹೆಸರಿನ ಬ್ರೆಡ್ಡು ಮಾಡಿ, ಫೋಟೊ ಮುಂದೆ ಇಟ್ಟು, ಪಕ್ಕದಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಜೋಡಿಸುತ್ತಾರೆ. ಎಡೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಳೆಲೆಯ ಮೇಲೆ ಮುದ್ದೆ, ಸಾರು, ವಡೆ; ಬಳಿಯಲ್ಲಿ ಬೀಡಿಕಟ್ಟು, ಎಲೆಯಡಿಕೆ, ಹೊಸ ಪಂಚೆ, ಕೆಲವರಿಗೆ ಕ್ವಾರ್ಟರ್ ಬಾಟ್ಲಿ. ಲವಂಗವೂ ಜಾಯಿಕಾಯಿಯೂ ಮೂಲದಲ್ಲಿ ಇಂಡೋನೇಷ್ಯಾದ ಮೊಲುಕ್ಕಾ ದ್ವೀಪಗಳವು. ಇಂಗ್ಲೆಂಡಿಗೆ ಅವು ಹೇಗೆ ಹೊರಗಿನಿಂದ ಬಂದವೋ ನಮ್ಮ ಬಯಲುಸೀಮೆಗೂ ಹಾಗೇ ಬಂದವು, ಎರಡೂ ಕಡೆ ದುಬಾರಿ. ಅದಕ್ಕೇ ಸತ್ತವರ ಪಾಲಿಗೆ ಹೋದವೆಂದು ಕಾಣುತ್ತದೆ. ದಿನದ ಉಪ್ಪೆಸರಿಗೆ ಯಾರೂ ಲವಂಗ ಅರೆಯುವುದಿಲ್ಲ. ತಿಂದು ಚೆನ್ನಾಗಿದೆ ಎಂದು ಹೇಳಲಾರದವರಿಗಾಗಿ ಅರೆಯುತ್ತೇವೆ.

ಎಡೆಯ ಮೊದಲ ಊಟ ಅವರದು. ಆಮೇಲೆ ನೆಂಟರು, ಗಂಡಸರು, ಮಕ್ಕಳು. ಒಲೆ ಮುಂದಿನವಳದು ಕೊನೆ. ನಮ್ಮ ಅಡುಗೆಯ ಬೆಂಕಿಯೇ ಈ ಸರದಿಗೆ ಒಗ್ಗಿಕೊಂಡಿದೆ. ಒಬ್ಬಟ್ಟು ಕಾವಲಿಯಿಂದ ಒಂದೊಂದೇ ಇಳಿಯಬೇಕು, ಬಿಸಿಬಿಸಿಯಾಗಿ ಎಲೆಗೆ ಬೀಳಬೇಕು, ತಟ್ಟುವವಳು ಅಲ್ಲಾಡುವಂತಿಲ್ಲ. ಬೆಂಕಿ ಕೆಳಗೆ ಮಾತ್ರ ಇರುವುದರಿಂದ ಮಗುಚಬೇಕು, ಮಗುಚಲು ಒಬ್ಬರು ನಿಂತಿರಬೇಕು. ಆವಿಯಲ್ಲಿ ಬೇಯಿಸಿದರೆ ನಿಲ್ಲಬೇಕಿಲ್ಲ ನಿಜ. ಆದರೆ ಇಡ್ಲಿಪಾತ್ರೆಯ ಆವಿ 100 ಡಿಗ್ರಿ ದಾಟುವುದಿಲ್ಲ, ಕಡುಬು ಎಷ್ಟು ಹೊತ್ತು ಬೆಂದರೂ ಕೆಂಪಗಾಗುವುದಿಲ್ಲ. ಮಗುಚದೆ ಆ ಬಣ್ಣವೂ ಪರಿಮಳವೂ ಬರಬೇಕಾದರೆ ಸುಮಾರು 140 ಡಿಗ್ರಿಗೆ ಮೇಲ್ಪಟ್ಟ ಒಣ ಶಾಖ ಸುತ್ತಲಿಂದಲೂ ತಾಗಬೇಕು. ಉತ್ತರ ಕನ್ನಡದವರು ಸೌತೆಕಾಯಿಯ ತವಸಳಿಗೆ ಮುಚ್ಚಳದ ಮೇಲೂ ಕೆಂಡ ಹಾಕಿ ಇದನ್ನು ಸಾಧಿಸಿಕೊಂಡಿದ್ದರು. ನಮ್ಮ ಕಡೆ ಆ ಶಾಖ ಬೇಕರಿಯ ಪಾಲಾಯಿತು. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಮುಂದೆ ಅಯ್ಯಂಗಾರ್ ಬೇಕರಿ ಇಲ್ಲದ ಊರಿಲ್ಲವೆನ್ನುವಂತಾಯಿತು. ಅಲ್ಲಿ ಬೇಯಿಸುವವರು ಗಂಡಸರು, ಬೇಯಿಸಿದ್ದಕ್ಕೆ ದುಡ್ಡು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ ಆ ಶಾಖ ಮನೆಯೊಳಗೇ ಬಂದಿದೆ. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದು ಕೆಲಸ ಸಾಗಿಸುತ್ತಾರೆ. ನನ್ನ ಸಿಹಿಗುಂಬಳದ ಕೇಕು ರಾಗಿಯದು. ರಾಗಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಅದೊಂದನ್ನೇ ಹಾಕಿದರೆ ಕೇಕು ಪುಡಿಪುಡಿ. ಅರ್ಧಕ್ಕರ್ಧ ಗೋಧಿಹಿಟ್ಟು ಬೆರೆಸಬೇಕು. ಸಿಹಿಗುಂಬಳ ಬರೀ ನೀರು, ತುರಿದು ತುಪ್ಪದಲ್ಲಿ ನೀರು ಇಂಗುವ ತನಕ ಬಾಡಿಸಬೇಕು. ಹುಳಿ ಮೊಸರಿಗೆ ಸೋಡ ಬಿದ್ದು ಉಕ್ಕಿದ ಕೂಡಲೇ ತಡಮಾಡದೆ ಒಳಗಿಟ್ಟರೆ ಮೊಟ್ಟೆಯಿಲ್ಲದೆಯೂ ಉಬ್ಬುತ್ತದೆ. ಬೆಲ್ಲ ತೇವವನ್ನು ಬಿಟ್ಟುಕೊಡುವುದಿಲ್ಲ, ಹಾಗಾಗಿ ಮಾರನೆಯ ದಿನದ ತುಂಡು ಇನ್ನೂ ಮೆತ್ತಗೆ. ಬಾಗಿಲು ಮುಚ್ಚಿದ ಮೇಲೆ ಮುಕ್ಕಾಲು ಗಂಟೆ ಯಾರೂ ಏನೂ ಮಾಡಬೇಕಿಲ್ಲ. ಹೊರತೆಗೆದ ಮೇಲೂ ಆರಬೇಕು, ಬಿಸಿಯಲ್ಲಿ ಕೊಯ್ದರೆ ಮುರಿಯುತ್ತದೆ. ಎಲ್ಲರೂ ಒಟ್ಟಿಗೆ ಕಾಯಬೇಕು, ಒಟ್ಟಿಗೆ ತಿನ್ನಬೇಕು, ಮಾಡಿದವಳೂ ಸೇರಿ. ಚಳಿಯಿಲ್ಲದ ಊರಿನಲ್ಲಿ ಕೇಕು ಕೊಡುವ ಸುಖ ಇದೇ ಎಂದು ನನಗೆ ಅನ್ನಿಸುತ್ತದೆ: ಕಾವು ಡಬ್ಬಿಯೊಳಗೆ, ಅವಳು ಕುರ್ಚಿಯ ಮೇಲೆ.

ಹಾಗಂತ ಹಿಗ್ಗುವುದಕ್ಕೂ ಇಲ್ಲ. ಅಮಾವಾಸ್ಯೆಯ ದಿನ ಸಾರು ಕುದಿಸುವವಳೂ, ಮುದ್ದೆ ತೊಳಸುವವಳೂ, ಹಿಂದಿನ ರಾತ್ರಿ ಕೇಕು ಮಾಡಿಟ್ಟವಳೂ ಒಬ್ಬಳೇ. ಹೊಸ ಯಂತ್ರ ಹಳೆಯ ಕೆಲಸವನ್ನು ಕಳೆಯಲಿಲ್ಲ, ಅದರ ಮೇಲೆ ಇನ್ನೊಂದನ್ನು ಹೇರಿತು.

ಮೊನ್ನೆ ಚಕ್ಕೆ ಲವಂಗ ಕುಟ್ಟುವಾಗ ಅತ್ತೆ ಬಂದು, ‘ಏನಮ್ಮ, ಅಮಾಸೆ ನಾಳಿದ್ದಲ್ವಾ, ಇವತ್ತೇ ಖಾರ ಮಾಡ್ಕೊತಿದೀಯ?’ ಅಂದರು. ಕೇಕಿಗೆ ಎಂದೆ. ಅವರು ನಂಬಲಿಲ್ಲ. ಬೆಂದು ಆರಿದ ಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡೆಗೆ ಒಂದು ತುಂಡು ತೆಗೆದಿಡು ಎಂದರು. ಎಡೆಗೆ ಕೇಕಾ ಅತ್ತೆ, ಯಾರಾದರೂ ನಕ್ಕಾರು ಎಂದೆ.

‘ನಗಲಿ ಬಿಡು. ನಿಮ್ಮ ಮಾವಂಗೆ ಕೊನೇಗೆ ಹಲ್ಲೆಲ್ಲಿತ್ತು? ವಡೆ ಇಟ್ರೆ ಏನ್ ತಿಂತಾರೆ.’ ಆಮೇಲೆ, ‘ಮೊಟ್ಟೆ ಹಾಕಿದೀಯಾ?’

ಇಲ್ಲ ಎಂದೆ.

‘ಹಾಕ್ಬೇಕಿತ್ತು ಕಣಮ್ಮ. ಅವರು ತಿಂತಿದ್ರು.’