ಇಂದಿನ ಧಮ್ಮ ಚಿಂತನೆ: ಲಾಯದ ಬಳಿ ಕೂತವರು ಯಾರು?



ಹೋದ ಭಾನುವಾರ ಓದು ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ಎದ್ದು ಹೋಗದೆ ಕೂತೇ ಇದ್ದರು. ಅವರ ತಂಗಿಯ ಮಗ, ಇಪ್ಪತ್ತರ ಆಸುಪಾಸಿನ ಹುಡುಗ, ಹೊಡೆದಾಟದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. "ನಾವು ಯಾರೂ ಅವನಿಗೆ ಹೊಡಿ, ಬಡಿ ಅಂತ ಹೇಳಿಕೊಟ್ಟವರಲ್ಲ. ಇದನ್ನು ಕಲಿಸಿದವರು ಯಾರು?" ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಮಹಿಳಾಮುಖ ಜಾತಕ ನೆನಪಾಯಿತು, ಜಾತಕಗಳಲ್ಲಿ 26ನೆಯದು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ವಾರಾಣಸಿಯ ಬ್ರಹ್ಮದತ್ತ ರಾಜನ ಪಟ್ಟದ ಆನೆಯ ಹೆಸರು ಮಹಿಳಾಮುಖ. ಬಲು ಸಾಧು. ಒಂದು ರಾತ್ರಿ ಕಳ್ಳರು ಅದರ ಲಾಯದ ಪಕ್ಕ ಕೂತು ಗೋಡೆಗೆ ಕನ್ನ ಹಾಕುವುದು ಹೇಗೆ, ಅಡ್ಡ ಬಂದವರನ್ನು ಕೊಲ್ಲುವುದು ಹೇಗೆ ಎಂದು ಮಾತಾಡಿಕೊಂಡರು. ಕದಿಯುವವನಿಗೆ ಕರುಣೆ ಇರಬಾರದು ಎಂದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಇವರು ನನಗೇ ಪಾಠ ಹೇಳುತ್ತಿದ್ದಾರೆ ಎಂದುಕೊಂಡಿತು ಆನೆ. ಒಂದು ಬೆಳಿಗ್ಗೆ ಮಾವುತ ಬಂದಾಗ ಸೊಂಡಿಲಿನಿಂದ ಹಿಡಿದು ನೆಲಕ್ಕೆ ಅಪ್ಪಳಿಸಿ ಕೊಂದಿತು. ಆಮೇಲೆ ಹತ್ತಿರ ಬಂದ ಇತರರನ್ನೂ ಕೊಂದಿತು.

ಪರೀಕ್ಷಿಸಲು ಹೋದ ಮಂತ್ರಿ ಬೋಧಿಸತ್ವ. ಆನೆಯ ಮೈಯಲ್ಲಿ ರೋಗವೇನೂ ಕಾಣಲಿಲ್ಲ. ಅವನು ಲಾಯದವರನ್ನು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ: ಈಚೆಗೆ ಇಲ್ಲಿ ಯಾರಾದರೂ ಬಂದು ಕೂತು ಮಾತಾಡಿದ್ದುಂಟೇ?

ಈ ಕಥೆಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ತಂಗಿ ಗಂಡ ಬಡ್ಡಿ ವಸೂಲಿ ಮಾಡ್ತಿದ್ದರು. ಕೊಡದವನ ಕತ್ತಿನ ಪಟ್ಟಿ ಹಿಡಿದಿದ್ದು, ಬೈಕು ಕಿತ್ತುಕೊಂಡು ಬಂದಿದ್ದು, ಎಲ್ಲಾ ರಾತ್ರಿ ಊಟಕ್ಕೆ ಕೂತಾಗ ನಕ್ಕೊಂಡು ಹೇಳೋರು. ಮಗು ಅಲ್ಲೇ ತಟ್ಟೆ ಮುಂದೆ ಕೂತಿರ್ತಿತ್ತು. ನಾವೂ ನಗ್ತಿದ್ವಿ" ಎಂದರು.

ಕೆಟ್ಟ ಸಹವಾಸ ಎಂದಕೂಡಲೇ ನಾವು ಬೀದಿಯ ಕಡೆ, ಮೊಬೈಲಿನ ಕಡೆ ಬೆರಳು ತೋರಿಸುತ್ತೇವೆ. ಅವೂ ಇವೆ, ಇಲ್ಲವೆನ್ನುವುದಿಲ್ಲ. ಬಡತನವೂ ಇದೆ, ಇಲ್ಲದವರಿಗೆ ಕೊಡದೆ ಹೋದಾಗ ಬಡತನ, ಬಡತನದಿಂದ ಕಳ್ಳತನ, ಅದರಿಂದ ಆಯುಧ, ಕೊಲೆ ಎಂದು ಚಕ್ಕವತ್ತಿ ಸೀಹನಾದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಸಿಗಾಲೋವಾದ ಸುತ್ತದಲ್ಲಿ ತಂದೆತಾಯಿಯ ಐದು ಕರ್ತವ್ಯಗಳಲ್ಲಿ ಮೊದಲನೆಯದು ಮಕ್ಕಳನ್ನು ಕೆಟ್ಟದ್ದರಿಂದ ತಡೆಯುವುದು. ನಮಗೆ ತಡೆಯುವುದೆಂದರೆ ಬೈಯುವುದು. ಊಟದ ಹೊತ್ತಿನ ನಗು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಂತ ಹುಡುಗನ ಕೈಯಲ್ಲಿ ಏಟು ತಿಂದವನ ನೋವು ಸುಳ್ಳಾಗುವುದಿಲ್ಲ. ಆ ಮಾವುತ ಮತ್ತೆ ಬದುಕಲಿಲ್ಲ. ಅಂಗುಲಿಮಾಲ ಭಿಕ್ಷುವಾದ ಮೇಲೂ ಶ್ರಾವಸ್ತಿಯಲ್ಲಿ ಕಲ್ಲೇಟು ಬಿತ್ತು. ತಲೆ ಒಡೆದು, ಪಾತ್ರೆ ಮುರಿದು, ಚೀವರ ಹರಿದು ಬಂದಾಗ ಭಗವಾನರು ಸಹಿಸಿಕೋ ಎಂದರು. ಆದರೆ ಅವನನ್ನು ಸಂಘದಿಂದ ಹೊರಗೆ ಕಳಿಸಲಿಲ್ಲ.

ಮಂತ್ರಿ ಆನೆಯನ್ನು ಕೊಲ್ಲಿಸಲಿಲ್ಲ, ಅದಕ್ಕೆ ಉಪದೇಶವನ್ನೂ ಮಾಡಲಿಲ್ಲ. ಸಜ್ಜನರನ್ನು ಕರೆಸಿ, ಅದೇ ಲಾಯದಲ್ಲಿ ಕೂತು ತಮ್ಮತಮ್ಮಲ್ಲೇ ಒಳ್ಳೆಯ ಮಾತು ಆಡಿಕೊಳ್ಳಲು ಏರ್ಪಾಡು ಮಾಡಿದ. ಯಾರನ್ನೂ ಹೊಡೆಯಬಾರದು, ತಾಳ್ಮೆ ಇರಬೇಕು, ಮೈತ್ರಿ ಇರಬೇಕು ಎಂದು ಅವರು ಆಡಿದ್ದನ್ನೂ ಆನೆ ತನಗೇ ಹೇಳಿದ್ದು ಎಂದುಕೊಂಡಿತು. ಮೊದಲಿನಂತೆ ಸಾಧುವಾಯಿತು.

ಅಕ್ಕ ಮಂಗಳವಾರ ಹುಡುಗನನ್ನು ನೋಡಲು ಹೋಗುತ್ತಿದ್ದಾರೆ. ಅವನಪ್ಪ ಬರುವುದಿಲ್ಲವಂತೆ. "ಅವನ ಹತ್ತಿರ ಏನು ಮಾತಾಡಲಿ?" ಎಂದು ಕೇಳಿದರು. ಕೇಸಿನ ಮಾತು ವಕೀಲರು ಆಡುತ್ತಾರೆ, ನೀವು ಊಟ ಆಯ್ತಾ, ನಿದ್ದೆ ಬರುತ್ತಾ ಕೇಳಿ ಎಂದೆ. ಒಬ್ಬರೇ ಹೋಗಲು ಅವರಿಗೆ ಧೈರ್ಯ ಸಾಲದು. ಬಳಗದಲ್ಲಿ ಯಾರಿಗಾದರೂ ಜೊತೆಗೆ ಹೋಗಲು ಬಿಡುವಿದ್ದರೆ ಇಂದು ಸಂಜೆಯೊಳಗೆ ತಿಳಿಸಿ.

ಭವತು ಸಬ್ಬ ಮಂಗಲಂ.