ಜಲದಾಸೋಹ

‘ಗಂಗಾಸ್ನಾನ, ತುಂಗಾಪಾನ’ ಎಂಬ ಲೋಕೋಕ್ತಿಯು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಅಂತಹ ತುಂಗೆಯ ದಡದಲ್ಲಿ ಶಿವಮೊಗ್ಗೆಯೂ, ಅವಳ ಸೋದರಿ ಭದ್ರೆಯ ದಡದಲ್ಲಿ ಭದ್ರಾವತಿಯೂ ನೆಲಸಿವೆ. ನೀರಿಲ್ಲದ ಸೀಮೆಯವನು ಹನಿಹನಿಯನ್ನೂ ಕಾಯುವುದು ಅನಿವಾರ್ಯ, ಅದನ್ನು ವ್ರತವೆನ್ನಲಾಗದು. ಹೊಳೆಯು ಮನೆಯ ಮುಂದೆಯೇ ಹರಿಯುತ್ತಿರುವವನಿಗೂ ಮಿತವ್ಯಯವು ಧರ್ಮವೇ ಎಂಬುದು ವಿಚಾರಣೀಯವಾದ ವಿಷಯ.

ಮಳೆ ಕಡಮೆಯಾದ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ೧೨ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದರು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯವರೆಂದು ಪ್ರಸಿದ್ಧರಾದ ಅಲ್ಲಮಪ್ರಭುಗಳು ಅಲ್ಲಿಗೆ ಹೋಗಿ ಅವರನ್ನು ಎಚ್ಚರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಪ್ರಭುಗಳು ಕೆರೆಯನ್ನೇ ಹಳಿದರೆಂದು ತಿಳಿಯುವುದು ಸರಿಯಲ್ಲ; ಅವರು ಹಳಿದುದು ‘ನಾನು ಮಾಡಿದೆ’ ಎಂಬ ಅಹಂಭಾವವನ್ನು. ಕಟ್ಟಿದವನೇ ‘ನನ್ನದು’ ಎನ್ನಬಾರದಾದರೆ, ತಾನಾಗಿ ಹರಿದು ಬಂದ ನೀರಿಗೆ ದಡದವನು ಒಡೆಯನಾಗುವುದೆಂತು?

ಸಮೃದ್ಧಿಯಾದರೂ ಶಾಶ್ವತವಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟವು ೧೮೬ ಅಡಿ. ೨೦೨೩ರಲ್ಲಿ ಮಳೆಯು ಸಾಲದೆ ಅದು ತುಂಬಲಿಲ್ಲ. ನಾಲೆಯ ನೀರಿಗಾಗಿ ರೈತರು ಬೀದಿಗಿಳಿದರು. ಇತ್ತ ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯಿಂದ ೧೭.೪ ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ, ಒಟ್ಟು ೨೯.೯ ಟಿ.ಎಂ.ಸಿ.ಯನ್ನು ಚಿತ್ರದುರ್ಗ, ತುಮಕೂರು ಮೊದಲಾದ ಬರಸೀಮೆಗೆ ಒಯ್ಯಲು ರೂಪಿತವಾಗಿದೆ. ‘ನಮಗೇ ಸಾಲದಾದರೆ?’ ಎಂಬ ನಾಲೆಯ ರೈತನ ಭಯವು ನಿರಾಧಾರವಲ್ಲ. ಬಾಯಾರಿದ ಬಯಲುಸೀಮೆಯವನ ಬೇಡಿಕೆಯೂ ಅನ್ಯಾಯವಲ್ಲ.

ಈ ಎರಡರ ನಡುವೆ ದಾಸೋಹತತ್ತ್ವವು ದಾರಿಯನ್ನು ತೋರುತ್ತದೆ. ಒಬ್ಬನ ಎಡೆಯಿಂದ ಕಿತ್ತು ಇನ್ನೊಬ್ಬನಿಗೆ ಬಡಿಸುವುದು ದಾಸೋಹವಲ್ಲ. ತನ್ನ ಎಡೆಯಲ್ಲಿ ಚೆಲ್ಲಿಹೋಗುವುದನ್ನು ಉಳಿಸಿ ನೀಡುವುದೇ ದಾಸೋಹ. ಆದಕಾರಣ ಲೆಕ್ಕವು ಪಟ್ಟಣದ ಸೋರುವ ಕೊಳವೆಯಿಂದಲೂ, ಒಡೆದ ನಾಲೆಯ ಏರಿಯಿಂದಲೂ ಮೊದಲಾಗಬೇಕು. ಪಡೆದವನೂ ಬಂದ ನೀರನ್ನು ಕೆರೆಯಲ್ಲಿ ನಿಲ್ಲಿಸಿ, ನೆಲಕ್ಕೆ ತಕ್ಕ ಬೆಳೆಯನ್ನು ಬೆಳೆಯಬೇಕು. ಇಲ್ಲವಾದರೆ ಚೆಲ್ಲುವ ಕೈ ಬದಲಾಯಿತೇ ಹೊರತು ಚೆಲ್ಲುವುದು ನಿಲ್ಲಲಿಲ್ಲ.

ಇನ್ನೊಂದು ಮಾತು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊನ್ನಾಳಿ, ಹರಿಹರಗಳತ್ತ ಸಾಗುತ್ತವೆ. ಮೇಲಿನ ಊರಿನವನು ಹೊಳೆಗೆ ಬಿಟ್ಟ ಕೊಳಚೆಯು ಕೆಳಗಿನ ಊರಿನವನ ಕೊಡವನ್ನು ಸೇರುತ್ತದೆ. ಪಾದೋದಕದ ಒಂದು ಹನಿಯೂ ನೆಲಕ್ಕೆ ಬೀಳದಂತೆ ಅಂಗೈಯೊಡ್ಡುವ ಭಕ್ತನು, ಮನೆಯ ನಲ್ಲಿಯ ಮುಂದೆಯೂ ಅದೇ ಭಕ್ತನಾಗಿರಬೇಕಲ್ಲವೇ?